ಅರಿಯದ ಸಾಲಕ್ಕೆ ಉತ್ತರ: ದಖನ್ನಿನ ನ್ಯಾಯಚರಿತ್ರೆಯಲ್ಲಿ ಒಂದು ವಿಚಾರ

೧

ತಾನು ಅರಿಯದ ಸಾಲವೊಂದನ್ನು ಕೂಡಲೆ ತೀರಿಸಬೇಕೆಂಬ ತಗಾದೆಯ ಪತ್ರವು ಒಬ್ಬನ ಕೈಗೆ ಬಂದರೆ ಅವನು ಕೊಡತಕ್ಕ ಉತ್ತರವೇನು? ಈ ಪ್ರಶ್ನೆಯು ಮೇಲುನೋಟಕ್ಕೆ ಕೇವಲ ವಕೀಲರಿಗೂ ನ್ಯಾಯಾಧೀಶರಿಗೂ ಸಂಬಂಧಿಸಿದುದೆಂದು ತೋರಬಹುದು. ಸ್ವಲ್ಪ ಪರಿಶೀಲಿಸಿದರೆ ಚರಿತ್ರೆಯ ವಿದ್ಯಾರ್ಥಿಗೂ ಅದು ಬಹಳ ಬೆಲೆಯುಳ್ಳ ಪ್ರಶ್ನೆಯೆಂಬುದು ವಿದಿತವಾಗುತ್ತದೆ. ಕೊಟ್ಟೆನೆನ್ನುವವನು ಕೊಟ್ಟುದನ್ನು ಸಾಧಿಸಬೇಕೆ, ಅಥವಾ ಪಡೆದಿಲ್ಲವೆನ್ನುವವನು ಪಡೆಯದಿರುವುದನ್ನು ಸಾಧಿಸಬೇಕೆ? ಸಾಲವು ಸಿದ್ಧವಾಗುವುದಕ್ಕೆ ಮೊದಲೇ ಧನಿಕನು ಬಲಪ್ರಯೋಗ ಮಾಡಬಹುದೆ? ಕೇಳಿದಾಗ ಉತ್ತರ ಕೊಡದೆ ಸುಮ್ಮನಿದ್ದರೆ ಆ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಕೆ? ಈ ಮೂರು ಪ್ರಶ್ನೆಗಳಿಗೆ ಒಂದು ಕಾಲವು ಕೊಟ್ಟ ಉತ್ತರಗಳನ್ನು ನೋಡಿದರೆ, ಆ ಕಾಲದಲ್ಲಿ ಲೇಖನಿಯು ಯಾರ ಕೈಯಲ್ಲಿತ್ತು, ಯಾರ ಮಾತಿಗೆ ನ್ಯಾಯಸ್ಥಾನದಲ್ಲಿ ಎಡೆಯಿತ್ತು ಎಂಬುದು ತಿಳಿದುಬರುತ್ತದೆ.

ಪ್ರಕೃತ ಲೇಖನದಲ್ಲಿ ನಾವು ದಖನ್ ಪ್ರಸ್ಥಭೂಮಿಯ ಚರಿತ್ರೆಯಿಂದ ಎರಡು ಘಟ್ಟಗಳನ್ನು ಆರಿಸಿಕೊಂಡಿದ್ದೇವೆ. ಮೊದಲನೆಯದು, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ರಚಿತವಾದ ಮಿತಾಕ್ಷರೆಯ ವ್ಯವಹಾರಾಧ್ಯಾಯ. ಎರಡನೆಯದು, ೧೮೭೫ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳಲ್ಲಿ ನಡೆದ ರೈತರ ದಂಗೆಯೂ ಅದರ ಫಲವಾಗಿ ೧೮೭೯ರಲ್ಲಿ ಜಾರಿಗೆ ಬಂದ ಕಾಯಿದೆಯೂ. ಇವುಗಳ ನಡುವೆ ಸುಮಾರು ಏಳೂವರೆ ಶತಮಾನಗಳ ಅಂತರವಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಸಾಲವುಂಟೆನ್ನುವವನೇ ಅದನ್ನು ರುಜುವಾತುಪಡಿಸಬೇಕೆಂಬ ತತ್ತ್ವವು ಎರಡು ಕಾಲಗಳಿಗೂ ಸಮಾನವಾಗಿದ್ದಿತು. ಹೀಗಿದ್ದೂ ಒಂದು ಕಾಲದಲ್ಲಿ ಆ ತತ್ತ್ವವು ರೈತನನ್ನು ರಕ್ಷಿಸಲಾರದೆ ಹೋಯಿತು. ಅದಕ್ಕೆ ಕಾರಣವೇನೆಂಬುದೇ ಇಲ್ಲಿಯ ವಿಚಾರ.

೨

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಮಿತಾಕ್ಷರಾ ವ್ಯಾಖ್ಯಾನವು ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯ ಕಾಲದ್ದು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ನಗರವನ್ನೂ ತನ್ನ ದೊರೆಯನ್ನೂ ಪ್ರಶಂಸಿಸಿರುವನು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ದಾಯಭಾಗದ ವಿಷಯದಲ್ಲಿ ಈ ಗ್ರಂಥಕ್ಕಿರುವ ಪ್ರಸಿದ್ಧಿಯು ಅದರ ವ್ಯವಹಾರಭಾಗಕ್ಕೆ ಬಂದಿಲ್ಲ. ಆದರೆ ನಮ್ಮ ಪ್ರಶ್ನೆಗೆ ಅಲ್ಲಿಯೇ ಅತ್ಯಂತ ಸ್ಪಷ್ಟವಾದ ಸಮಾಧಾನವು ದೊರೆಯುತ್ತದೆ.

ಶಾಸ್ತ್ರಕಾರರ ಮತದಲ್ಲಿ ವ್ಯವಹಾರಕ್ಕೆ, ಎಂದರೆ ನ್ಯಾಯಸ್ಥಾನದ ಮುಂದೆ ಬಂದ ವ್ಯಾಜ್ಯಕ್ಕೆ, ನಾಲ್ಕು ಪಾದಗಳು. ವಾದಿಯ ದೂರು ಮೊದಲನೆಯ ಪಾದ, ಪ್ರತಿವಾದಿಯ ಉತ್ತರವು ಎರಡನೆಯದು, ಪ್ರಮಾಣಗಳನ್ನು ಒದಗಿಸುವುದು ಮೂರನೆಯದು, ತೀರ್ಮಾನವು ನಾಲ್ಕನೆಯದು. ದೂರನ್ನು ಪ್ರತಿವಾದಿಯ ಎದುರಿನಲ್ಲಿ ಬರೆದುಕೊಳ್ಳಬೇಕು. ಅದರಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರು ಮುಂತಾದುವು ಇರಬೇಕು. ಉತ್ತರವನ್ನು ಹಾಗೆಯೇ ವಾದಿಯ ಎದುರಿನಲ್ಲಿ ಬರೆದುಕೊಳ್ಳಬೇಕು. ಬೆನ್ನ ಹಿಂದೆ ಹೇಳಿದ ಮಾತಿಗೆ ಇಲ್ಲಿ ಸ್ಥಾನವಿಲ್ಲವೆಂಬುದನ್ನು ನಾವು ವಿಶೇಷವಾಗಿ ಗಮನಿಸತಕ್ಕದ್ದು.

ಉತ್ತರವು ನಾಲ್ಕು ಬಗೆಯದು. ದೂರನ್ನು ಒಪ್ಪಿಕೊಳ್ಳುವುದು ಸಂಪ್ರತಿಪತ್ತಿ. ಇಲ್ಲವೆನ್ನುವುದು ಮಿಥ್ಯೆ. ಪಡೆದದ್ದು ನಿಜ, ಆದರೆ ತೀರಿಸಿರುವೆನೆಂದು ಕಾರಣವನ್ನು ಹೇಳುವುದು ಪ್ರತ್ಯವಸ್ಕಂದನ. ಇದೇ ವ್ಯಾಜ್ಯದಲ್ಲಿ ಹಿಂದೆಯೇ ಈ ವಾದಿಯು ಸೋತಿರುವನೆನ್ನುವುದು ಪ್ರಾಙ್‌ನ್ಯಾಯ. ರುಜುವಾತಿನ ಹೊಣೆಯು ಯಾರ ಮೇಲೆ ಬೀಳುವುದೆಂಬುದು ಈ ವಿಭಾಗದಿಂದಲೇ ನಿಶ್ಚಯವಾಗುತ್ತದೆ. ಕೊನೆಯ ಎರಡು ಉತ್ತರಗಳಲ್ಲಿ ಪ್ರತಿವಾದಿಯೇ ತನ್ನ ಮಾತನ್ನು ಸಾಧಿಸಿ ತೋರಿಸಬೇಕು. ಮಿಥ್ಯೋತ್ತರದಲ್ಲಿ ಹಾಗಲ್ಲ, ಅಲ್ಲಿ ಪ್ರಮಾಣವನ್ನು ತರಬೇಕಾದವನು ವಾದಿ. ಇಲ್ಲದ ಸಾಲವನ್ನು ಇಲ್ಲವೆಂದು ಸಾಕ್ಷಿಗಳಿಂದ ಸಾಧಿಸುವುದು ಯಾರಿಂದಲೂ ಆಗದ ಕೆಲಸವೆಂಬ ವಿವೇಕವು ಈ ನಿಯಮದ ಹಿಂದಿರುವುದು ಸ್ಪಷ್ಟವಾಗಿದೆ.

ಮಿಥ್ಯೋತ್ತರದಲ್ಲಿಯೂ ಮತ್ತೆ ನಾಲ್ಕು ಪ್ರಭೇದಗಳನ್ನು ಹೇಳಿರುವರು. ಇದು ಸುಳ್ಳು ಎನ್ನುವುದು ಒಂದು. ನಾನಿದನ್ನು ಅರಿಯೆ ಎನ್ನುವುದು ಇನ್ನೊಂದು. ಆ ಸಮಯದಲ್ಲಿ ನಾನು ಅಲ್ಲಿರಲಿಲ್ಲವೆನ್ನುವುದು ಮೂರನೆಯದು. ಆಗ ನಾನಿನ್ನೂ ಹುಟ್ಟಿರಲಿಲ್ಲವೆನ್ನುವುದು ನಾಲ್ಕನೆಯದು. ಈ ಪೈಕಿ ಎರಡನೆಯದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ‘ಅರಿಯೆ’ ಎಂಬುದು ಜಾರಿಕೊಳ್ಳುವ ಮಾತಲ್ಲ. ಶಾಸ್ತ್ರದ ದೃಷ್ಟಿಯಲ್ಲಿ ಅದು ಪೂರ್ಣವಾದ ಉತ್ತರ. ಹಾಗೆ ಹೇಳಿದೊಡನೆ ಪತ್ರವನ್ನೋ ಸಾಕ್ಷಿಯನ್ನೋ ತರುವ ಭಾರವು ಕೇಳಿದವನ ಹೆಗಲಿಗೆ ಹೋಗುತ್ತದೆ. ಆದರೆ ಉತ್ತರವು ಅಸಂದಿಗ್ಧವಾಗಿರಬೇಕು. ಒಂದು ಉತ್ತರದೊಡನೆ ಇನ್ನೊಂದನ್ನು ಬೆರೆಸಬಾರದು. ‘ನಾನು ಪಡೆದಿಲ್ಲ, ಪಡೆದಿದ್ದರೂ ತೀರಿಸಿದ್ದೇನೆ’ ಎನ್ನುವವನು ಎರಡು ದೋಣಿಗಳ ಮೇಲೆ ಕಾಲಿಟ್ಟವನು. ಅವನ ಮೊದಲ ಮಾತು ಹೊಣೆಯನ್ನು ವಾದಿಯ ಮೇಲೆ ಹೊರಿಸಿದರೆ ಎರಡನೆಯ ಮಾತು ಅದನ್ನು ತನ್ನ ಮೇಲೆಯೇ ಎಳೆದುಕೊಳ್ಳುತ್ತದೆ. ಒಂದೇ ವಿವಾದದಲ್ಲಿ ಇಬ್ಬರಿಗೂ ರುಜುವಾತಿನ ಹೊಣೆಯಿರಬಾರದೆಂಬುದು ಶಾಸ್ತ್ರಕಾರರ ಅಭಿಪ್ರಾಯ.

ಇನ್ನು ಬಲಪ್ರಯೋಗದ ಪ್ರಶ್ನೆ. ಸಾಲಗಾರನು ಒಪ್ಪಿಕೊಂಡ ಹಣವನ್ನು ಧನಿಕನು ತಾನಾಗಿಯೇ ವಸೂಲು ಮಾಡಿದರೆ ರಾಜನು ಅವನನ್ನು ಆಕ್ಷೇಪಿಸಬಾರದೆಂದು ಸ್ಮೃತಿಯು ಹೇಳುತ್ತದೆ. ಒಪ್ಪಿಕೊಳ್ಳದ ಸಾಲದ ಮಾತು ಬೇರೆ. ಸಂದಿಗ್ಧವಾದ ಹಣವನ್ನು, ಪ್ರಮಾಣವಿಲ್ಲದೆ, ಸ್ವತಂತ್ರನಾಗಿ ಸಾಧಿಸಹೊರಟವನು ವ್ಯಾಜ್ಯದಲ್ಲಿ ಸೋತವನೆನಿಸುವುದಲ್ಲದೆ ದಂಡಕ್ಕೂ ಅರ್ಹನಾಗುತ್ತಾನೆ. ಅದೇ ಶ್ಲೋಕದಲ್ಲಿ, ಕರೆಸಿ ಕೇಳಿದಾಗ ಏನೊಂದನ್ನೂ ಹೇಳದೆ ಸುಮ್ಮನಿರುವವನಿಗೂ ಅದೇ ಗತಿಯನ್ನು ಹೇಳಿದೆ. ಹೀಗೆ ಉತ್ತರಕ್ಕೆ ಕಾಯದ ಧನಿಕನನ್ನೂ ಉತ್ತರವನ್ನೇ ಕೊಡದ ಪ್ರತಿವಾದಿಯನ್ನೂ ಸ್ಮೃತಿಕಾರನು ಒಂದೇ ಸಾಲಿನಲ್ಲಿ ನಿಲ್ಲಿಸಿರುವುದು ಅರ್ಥವತ್ತಾಗಿದೆ. ವ್ಯವಹಾರದ ಎರಡನೆಯ ಪಾದವನ್ನು ಮುರಿದವರು ಇಬ್ಬರೂ ಅಹುದು.

ನಿರಾಕರಣೆಯನ್ನು ದುರುಪಯೋಗಪಡಿಸಿಕೊಳ್ಳುವವರೂ ಇರುತ್ತಾರೆಂಬುದನ್ನು ಶಾಸ್ತ್ರವು ಮರೆತಿಲ್ಲ. ಇಲ್ಲವೆಂದವನ ಮೇಲೆ ಸಾಲವು ಸಿದ್ಧವಾದರೆ ಅವನು ಧನಿಕನಿಗೆ ಹಣವನ್ನೂ ರಾಜನಿಗೆ ಅಷ್ಟೇ ದಂಡವನ್ನೂ ಕೊಡಬೇಕು. ಇಲ್ಲದ ಸಾಲವನ್ನು ಕೇಳಿದವನಿಗೆ ದಂಡವು ಕೇಳಿದ ಹಣದ ಎರಡರಷ್ಟು. ಅಲ್ಲದೆ ಸಾಲಪತ್ರದ ವಿಷಯದಲ್ಲಿಯೂ ವಿವರವಾದ ವಿಧಿಗಳಿವೆ. ಪತ್ರದ ಕೊನೆಯಲ್ಲಿ ಸಾಲಗಾರನು ತನ್ನ ಕೈಯಿಂದಲೇ ಹೆಸರನ್ನೂ ಒಪ್ಪಿಗೆಯನ್ನೂ ಬರೆಯಬೇಕು. ಸಾಕ್ಷಿಗಳು ತಂದೆಯ ಹೆಸರಿನೊಡನೆ ತಮ್ಮ ಹೆಸರುಗಳನ್ನು ಬರೆಯಬೇಕು. ಬಲಾತ್ಕಾರದಿಂದಲಾಗಲಿ ವಂಚನೆಯಿಂದಲಾಗಲಿ ಬರೆಸಿಕೊಂಡ ಪತ್ರವು ಪ್ರಮಾಣವಾಗದು. ಕಂತು ಕಂತಾಗಿ ಕೊಟ್ಟುದನ್ನು ಪತ್ರದ ಹಿಂಬದಿಯಲ್ಲಿ ಗುರುತು ಮಾಡಬೇಕು, ಇಲ್ಲವೆ ಧನಿಕನು ತನ್ನ ಕೈಬರಹದಲ್ಲಿ ಪಾವತಿಯನ್ನು ಕೊಡಬೇಕು. ಸಾಲವೆಲ್ಲ ತೀರಿದ ಬಳಿಕ ಪತ್ರವನ್ನು ಹರಿದುಹಾಕಬೇಕು.

ಇವೆಲ್ಲವೂ ಚಾಲುಕ್ಯರ ರಾಜ್ಯದ ಪ್ರತಿಯೊಂದು ಗ್ರಾಮದಲ್ಲಿಯೂ ನಡೆಯುತ್ತಿದ್ದುವೆಂದು ನಾವು ಹೇಳುವುದಿಲ್ಲ. ಶಾಸ್ತ್ರವು ಆದರ್ಶವನ್ನು ಹೇಳುತ್ತದೆ. ಆ ಆದರ್ಶವೂ ಎಲ್ಲರಿಗೂ ಸಮನಾಗಿರಲಿಲ್ಲ. ತೀರಿಸಲಾರದ ಬಡವನು ಕೀಳು ಜಾತಿಯವನಾದರೆ ಅವನಿಂದ ಕೆಲಸ ಮಾಡಿಸಿಕೊಳ್ಳಬೇಕೆಂದೂ, ಬ್ರಾಹ್ಮಣನಾದರೆ ಅನುಕೂಲವಾದಂತೆ ಮೆಲ್ಲಮೆಲ್ಲನೆ ತೀರಿಸಗೊಡಬೇಕೆಂದೂ ಅದೇ ಸ್ಮೃತಿಯು ವಿಧಿಸಿರುತ್ತದೆ. ಈ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅದರ ವ್ಯವಹಾರಪದ್ಧತಿಯ ಗುಣವನ್ನು ಮೆಚ್ಚಬೇಕಾಗಿದೆ.

೩

ಮಧ್ಯಂತರದ ಶತಮಾನಗಳನ್ನು ಇಲ್ಲಿ ವಿಸ್ತರಿಸುವುದು ಸಾಧ್ಯವಿಲ್ಲ. ಪೇಶ್ವೆಯರ ರಾಜ್ಯವು ೧೮೧೮ರಲ್ಲಿ ಇಂಗ್ಲಿಷರ ವಶವಾದ ಮೇಲೆ ದಖನ್ನಿನ ಕಮಿಷನರನಾದ ಮೌಂಟ್‌ಸ್ಟೂವರ್ಟ್ ಎಲ್ಫಿನ್‌ಸ್ಟನ್ನನು ೧೮೧೯ರಲ್ಲಿ ಬರೆದ ವರದಿಯಿಂದ ಆ ಕಾಲದ ಸ್ಥಿತಿಯು ತಕ್ಕಮಟ್ಟಿಗೆ ತಿಳಿಯುತ್ತದೆ. ಪಂಚಾಯತಿಯೇ ನ್ಯಾಯನಿರ್ಣಯದ ಮುಖ್ಯ ಸಾಧನವಾಗಿದ್ದಿತು. ಅದರೊಡನೆ ‘ತಕಾಜಾ’ ಎಂಬ ಇನ್ನೊಂದು ರೂಢಿಯೂ ಬಳಕೆಯಲ್ಲಿತ್ತೆಂದು ಅವನು ಹೇಳುತ್ತಾನೆ. ಧನಿಕನು ಸಾಲಗಾರನ ಬಾಗಿಲಲ್ಲಿ ಆಳನ್ನು ಕುಳ್ಳಿರಿಸುವುದು, ಅವನನ್ನು ಮನೆಯಿಂದ ಹೊರಡಗೊಡದಿರುವುದು, ಊಟ ಮಾಡಗೊಡದಿರುವುದು, ಬಿಸಿಲಿನಲ್ಲಿ ನಿಲ್ಲಿಸುವುದು ಮುಂತಾದುವು ಅದರ ಕ್ರಮಗಳು. ನಮ್ಮ ‘ತಗಾದೆ’ಯೆಂಬ ಮಾತು ಇದೇ ಶಬ್ದದಿಂದ ಬಂದುದು. ಸಾಲವನ್ನು ಒತ್ತಾಯದಿಂದ ಕೇಳುವುದಕ್ಕೂ ತಗಾದೆಯೆನ್ನುವೆವು. ಒಂದು ವಿಷಯದಲ್ಲಿ ತಕರಾರೆಬ್ಬಿಸುವುದಕ್ಕೂ ತಗಾದೆ ತೆಗೆಯುವುದೆನ್ನುವೆವು. ಕೇಳಿಕೆ ಮತ್ತು ಜಗಳ ಇವೆರಡೂ ಜನರ ಅನುಭವದಲ್ಲಿ ಎಷ್ಟು ಸಮೀಪವಾಗಿದ್ದುವೆಂಬುದಕ್ಕೆ ಭಾಷೆಯೇ ಸಾಕ್ಷಿ.

ಹೊಸ ಸರ್ಕಾರವು ಕ್ರಮೇಣ ಈ ರೂಢಿಯನ್ನು ತಳ್ಳಿ, ಲಿಖಿತ ಕಾಯಿದೆಗಳನ್ನೂ ಸಂಬಳದ ನ್ಯಾಯಾಧೀಶರನ್ನೂ ಅದರ ಸ್ಥಾನದಲ್ಲಿ ತಂದಿತು. ಮಿತಾಕ್ಷರೆಯ ದಾಯಭಾಗವನ್ನು ಕೋಲ್‌ಬ್ರೂಕನು ೧೮೧೦ರಲ್ಲಿ ಇಂಗ್ಲಿಷಿಗೆ ತರ್ಜುಮೆ ಮಾಡಿದ್ದನು. ಹಿಂದೂಗಳ ಆಸ್ತಿಯ ವ್ಯಾಜ್ಯಗಳಲ್ಲಿ ಕೋರ್ಟುಗಳು ಅದನ್ನು ಆಧಾರವಾಗಿ ಸ್ವೀಕರಿಸಿದುವು. ಬಡ್ಡಿಯು ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ನಿಯಮವೂ ಮುಂಬಯಿ ಪ್ರಾಂತದಲ್ಲಿ ಉಳಿಯಿತು. ವ್ಯವಹಾರಪದ್ಧತಿಯು ಮಾತ್ರ ಇಂಗ್ಲಿಷರ ಮಾದರಿಯದಾಯಿತು. ವಾದಿಯೇ ರುಜುವಾತು ಕೊಡಬೇಕೆಂಬ ತತ್ತ್ವವು ಆ ಮಾದರಿಯಲ್ಲಿಯೂ ಇದ್ದಿತು. ೧೮೭೨ರ ಸಾಕ್ಷ್ಯದ ಕಾಯಿದೆಯು ಅದನ್ನು ಅಸಂದಿಗ್ಧವಾದ ಮಾತುಗಳಲ್ಲಿ ನಿಲ್ಲಿಸಿತು. ಹೀಗಿರಲು ಅದಾದ ಮೂರೇ ವರ್ಷಗಳಲ್ಲಿ ರೈತರು ದಂಗೆಯೆದ್ದುದೇಕೆ?

೪

ದಂಗೆಯ ಆರ್ಥಿಕ ಕಾರಣಗಳು ವಿದ್ಯಾರ್ಥಿಗಳಿಗೆ ಪರಿಚಿತವಾದುವೇ ಆಗಿವೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ (೧೮೬೧–೬೫) ಹತ್ತಿಯ ಬೆಲೆಯು ಏರಿತು, ಸಾಲವು ಸುಲಭವಾಗಿ ದೊರೆಯಿತು. ಯುದ್ಧವು ಮುಗಿಯುತ್ತಲೆ ಬೆಲೆಯು ಇಳಿಯಿತು. ಅದೇ ಸಮಯದಲ್ಲಿ ಭೂಕಂದಾಯದ ಪರಿಷ್ಕರಣದಿಂದ ರೈತನ ಹೊರೆಯು ಹೆಚ್ಚಿತು. ಇವುಗಳಿಗಿಂತ ಕಡಮೆ ಗಮನಕ್ಕೆ ಬಂದಿರುವುದು ಸಾಲಪತ್ರದ ಚರಿತ್ರೆ. ನಮ್ಮ ಪ್ರಶ್ನೆಗೆ ಅದೇ ಮುಖ್ಯವಾದುದು.

೧೮೫೯ರ ಕಾಲಮಿತಿ ಕಾಯಿದೆಯು ಸಾಮಾನ್ಯ ಸಾಲಪತ್ರಗಳ ಮೇಲೆ ದಾವೆ ಹೂಡುವುದಕ್ಕೆ ಮೂರು ವರ್ಷಗಳ ಅವಧಿಯನ್ನು ಗೊತ್ತುಮಾಡಿತು. ಬಡ್ಡಿಯು ಬೆಳೆಯುತ್ತ ಹೋಗುವುದನ್ನು ತಡೆಯುವುದೇ ಅದರ ಉದ್ದೇಶ. ಫಲವು ವಿಪರೀತವಾಯಿತು. ಮೂರು ವರ್ಷಗಳು ತುಂಬುವ ಮೊದಲು ಸಾಹುಕಾರನು ರೈತನನ್ನು ಕರೆಸಿ, ಬಾಕಿಯಿದ್ದ ಅಸಲನ್ನೂ ಬಡ್ಡಿಯನ್ನೂ ಕೂಡಿಸಿ ಹೊಸ ಪತ್ರವನ್ನು ಬರೆಸಿಕೊಳ್ಳತೊಡಗಿದನು. ಹಿಂದಿನ ಬಡ್ಡಿಯು ಹೊಸ ಪತ್ರದಲ್ಲಿ ಅಸಲಾಗಿಬಿಡುವುದರಿಂದ ದಾಮದುಪ್ಪಟ್ಟಿನ ನಿಯಮವೂ ಅಲ್ಲಿ ನಿಷ್ಪ್ರಯೋಜಕವಾಯಿತು. ನಿದರ್ಶನಕ್ಕಾಗಿ, ತಿಂಗಳಿಗೆ ನೂರಕ್ಕೆ ಎರಡರಂತೆ ನೂರು ರೂಪಾಯಿ ಪಡೆದ ಒಬ್ಬ ರೈತನನ್ನು ಊಹಿಸಿಕೊಳ್ಳೋಣ. ಅವನು ನಡುವೆ ಏನನ್ನೂ ಕೊಡದಿದ್ದರೆ ಮೂರು ವರ್ಷಗಳ ಕೊನೆಯಲ್ಲಿ ೧೭೨ ರೂಪಾಯಿಗೆ ಪತ್ರವಾಗುತ್ತದೆ. ಆರು ವರ್ಷಗಳ ಕೊನೆಯಲ್ಲಿ ಅದು ಸುಮಾರು ೨೯೬, ಒಂಬತ್ತು ವರ್ಷಗಳಲ್ಲಿ ಸುಮಾರು ೫೦೯. ಒಂದೇ ಪತ್ರವು ಉಳಿದಿದ್ದರೆ ದಾಮದುಪ್ಪಟ್ಟಿನಂತೆ ಇನ್ನೂರನ್ನು ಮೀರುವಂತಿರಲಿಲ್ಲ. ಕೋರ್ಟಿನ ಮುಂದೆ ಬರುವುದು ಕೊನೆಯ ಪತ್ರವೊಂದೇ. ಅದು ಐನೂರೊಂಬತ್ತು ರೂಪಾಯಿಗಳ ಹೊಸ ಸಾಲದಂತೆ ಕಾಣುತ್ತದೆ. ರೈತನಾದರೋ ನೂರು ರೂಪಾಯಿಗಳನ್ನಲ್ಲದೆ ಇನ್ನಾವುದನ್ನೂ ಕಂಡವನಲ್ಲ.

ಇದೇ ಅರಿಯದ ಸಾಲ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬೀಜವು ರೈತನದು, ಮರವು ಸಾಹುಕಾರನ ಲೆಕ್ಕದ ಪುಸ್ತಕದ್ದು. ಓದು ಬಾರದ ರೈತನು ತಾನು ಹೆಬ್ಬೆಟ್ಟೊತ್ತಿದ ಕಾಗದದಲ್ಲಿ ಏನಿದೆಯೆಂಬುದನ್ನು ಅರಿಯನು. ಕೊಟ್ಟ ಹಣಕ್ಕೂ ಅಳೆದ ಧಾನ್ಯಕ್ಕೂ ಪಾವತಿಯಿಲ್ಲ. ಅವನು ‘ಅರಿಯೆ’ ಎಂದು ಹೇಳಬಹುದಾಗಿತ್ತೆಂಬುದೇನೋ ನಿಜ, ಆದರೆ ಹೇಳುವುದೆಲ್ಲಿ? ಕೋರ್ಟು ದೂರದ ಊರಿನಲ್ಲಿ. ಹೋಗಿಬರುವುದಕ್ಕೆ ದಿನಗಳೂ ಹಣವೂ ಬೇಕು. ಸಮನ್ಸು ಅನೇಕ ವೇಳೆ ಅವನ ಕೈಗೇ ಬರುತ್ತಿರಲಿಲ್ಲ. ದಂಗೆಯ ಕಾರಣಗಳನ್ನು ವಿಚಾರಿಸಲು ನೇಮಿತವಾದ ಆಯೋಗವು ಏಕಪಕ್ಷೀಯ ಡಿಕ್ರಿಗಳು ಹೇರಳವಾಗಿದ್ದುವೆಂಬುದನ್ನು ಎತ್ತಿ ತೋರಿಸಿದೆ. ತತ್ತ್ವದಲ್ಲಿ ರುಜುವಾತಿನ ಹೊಣೆಯು ಸಾಹುಕಾರನದೇ. ಎದುರಾಳಿಯಿಲ್ಲದ ಕೋರ್ಟಿನಲ್ಲಿ ಪತ್ರವನ್ನು ಮುಂದಿಟ್ಟರೆ ಆ ಹೊಣೆಯು ತೀರಿದಂತಾಗುತ್ತಿತ್ತು. ವ್ಯವಹಾರವು ಎರಡನೆಯ ಪಾದವಿಲ್ಲದೆಯೇ ನಾಲ್ಕನೆಯ ಪಾದವನ್ನು ಮುಟ್ಟುತ್ತಿತ್ತು.

೧೮೭೫ರ ಮೇ ೧೨ರಂದು ಪುಣೆ ಜಿಲ್ಲೆಯ ಭೀಮಥಡಿ ತಾಲ್ಲೂಕಿನ ಸುಪಾ ಎಂಬ ಸಂತೆಯ ಊರಿನಲ್ಲಿ ದಂಗೆಯು ಆರಂಭವಾಯಿತು. ಅಲ್ಲಿಂದ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ಹಲವು ಗ್ರಾಮಗಳಿಗೆ ಹಬ್ಬಿತು. ರೈತರು ಸಾಲಪತ್ರಗಳನ್ನೂ ಡಿಕ್ರಿಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಹುಡುಕಿ ತೆಗೆದು ಸುಟ್ಟರು. ಸಾಹುಕಾರನು ಕಾಗದಗಳನ್ನು ತಾನಾಗಿ ಒಪ್ಪಿಸಿದ ಕಡೆಗಳಲ್ಲಿ ಸಾಮಾನ್ಯವಾಗಿ ಹೆಚ್ಚಿನ ಹಾವಳಿ ನಡೆಯಲಿಲ್ಲ. ಈ ಸಂಗತಿಯು ದಂಗೆಯ ಸ್ವರೂಪವನ್ನು ತಿಳಿಯಲು ಬಹಳ ಸಹಾಯಕವಾಗಿದೆ. ಕೋರ್ಟಿನಲ್ಲಿ ಬಾಯಿಂದ ಹೇಳಲಾಗದ ಉತ್ತರವನ್ನು ಅವರು ಬೆಂಕಿಯಿಂದ ಹೇಳಿದರು. ಆ ಉತ್ತರವು ನ್ಯಾಯವಾದುದೆಂದು ನಾವು ಹೇಳಲಾರೆವು. ಸುಟ್ಟ ಕಾಗದಗಳಲ್ಲಿ ನಿಜವಾದ ಸಾಲಗಳೂ ಇದ್ದೇ ಇದ್ದುವು. ಕಂದಾಯದ ಕಂತಿಗೆ ಹಣವೊದಗಿಸುತ್ತಿದ್ದವನೂ ಆ ಸಾಹುಕಾರನೇ. ಆದರೆ ಉತ್ತರದ ದಾರಿಯು ಮುಚ್ಚಿದ ಕಡೆ ಇಂತಹುದು ಸಂಭವಿಸುತ್ತದೆಯೆಂಬುದನ್ನು ಚರಿತ್ರೆಯು ಬರೆದಿಡಬೇಕಾಗಿದೆ.

೫

ಆಯೋಗದ ವರದಿಯ ಫಲವಾಗಿ ೧೮೭೯ರಲ್ಲಿ ದಖನ್ ರೈತರ ಪರಿಹಾರ ಕಾಯಿದೆಯು ಹೊರಟು, ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ ಅನ್ವಯಿಸಿತು. ಅದರ ಮುಖ್ಯ ವಿಧಿಗಳು ಸಾಲಗಾರನ ಉತ್ತರಕ್ಕೆ ಮತ್ತೆ ದಾರಿ ಮಾಡಿಕೊಡತಕ್ಕವಾಗಿದ್ದುವು. ನ್ಯಾಯಾಧೀಶನು ಸಾಧ್ಯವಾದಮಟ್ಟಿಗೆ ಪ್ರತಿವಾದಿಯನ್ನು ಕರೆಸಿ ವಿಚಾರಿಸಬೇಕಾಯಿತು. ರೈತನು ಸಾಲವನ್ನು ಒಪ್ಪಿಕೊಂಡಾಗಲೂ ಕೋರ್ಟು ಅಷ್ಟಕ್ಕೆ ನಿಲ್ಲದೆ ವ್ಯವಹಾರದ ಪೂರ್ವಚರಿತ್ರೆಯನ್ನು ಮೊದಲಿನಿಂದ ಶೋಧಿಸಬೇಕು. ಅಸಲು ಬಡ್ಡಿಗಳ ಲೆಕ್ಕವನ್ನು ಬೇರೆ ಬೇರೆಯಾಗಿ ತೆಗೆಯಬೇಕು. ವಾಸ್ತವವಾಗಿ ರೈತನ ಕೈಸೇರಿದುದನ್ನು ಮಾತ್ರ ಅಸಲೆಂದು ಎಣಿಸಬೇಕು. ಪತ್ರಗಳನ್ನು ಗ್ರಾಮದ ನೋಂದಣಿಗಾರನ ಎದುರಿನಲ್ಲಿಯೇ ಬರೆಸಬೇಕು. ಕೊಟ್ಟ ಹಣಕ್ಕೆ ಪಾವತಿಯನ್ನೂ ವರ್ಷಕ್ಕೊಮ್ಮೆ ಲೆಕ್ಕದ ತಖ್ತೆಯನ್ನೂ ಕೇಳುವ ಹಕ್ಕು ರೈತನಿಗೆ ಬಂದಿತು. ಪದೇ ಪದೇ ಪತ್ರ ಬರೆಸುವ ಅಗತ್ಯವು ತಪ್ಪಲೆಂದು ದಾವೆಯ ಕಾಲಮಿತಿಯನ್ನು ವಿಸ್ತರಿಸಲಾಯಿತು. ಸಾಲದ ಡಿಕ್ರಿಗಾಗಿ ರೈತನನ್ನು ಸೆರೆಯಲ್ಲಿಡುವುದು ನಿಂತಿತು.

ಎದುರಿನಲ್ಲಿ ಬರೆಯುವುದು, ಕೊಟ್ಟುದಕ್ಕೆ ಪಾವತಿ, ಪ್ರತಿವಾದಿಯ ಮಾತನ್ನು ಕೇಳುವುದು, ಇವೆಲ್ಲವೂ ವಿಜ್ಞಾನೇಶ್ವರನ ಓದುಗರಿಗೆ ಹೊಸವಾಗಿ ತೋರುತ್ತಿರಲಿಲ್ಲ. ಇಂಗ್ಲಿಷ್ ಶಾಸನಕರ್ತರು ಮಿತಾಕ್ಷರೆಯನ್ನು ನೋಡಿ ಇವುಗಳನ್ನು ರಚಿಸಿದರೆಂಬುದಕ್ಕೆ ಆಧಾರವಿಲ್ಲ. ಒಂದೇ ಬಗೆಯ ಅನ್ಯಾಯವು ಒಂದೇ ಬಗೆಯ ಪರಿಹಾರವನ್ನು ಎರಡು ಸಲ ಬೇಡಿತೆಂದು ತಿಳಿಯುವುದು ಸಾಕು. ಕಾಯಿದೆಯ ಕಾರ್ಯಾಚರಣೆಯನ್ನು ನೋಡಿಕೊಳ್ಳುವ ವಿಶೇಷ ನ್ಯಾಯಾಧೀಶರ ಸ್ಥಾನದಲ್ಲಿ ೧೮೮೭ರಿಂದ ಮಹಾದೇವ ಗೋವಿಂದ ರಾನಡೆಯವರು ಇದ್ದರೆಂಬುದು ಸ್ಮರಣೀಯ. ಕಾಯಿದೆಯಿಂದ ಎಲ್ಲವೂ ಸರಿಹೋಗಲಿಲ್ಲ. ಅಡಮಾನದ ಬದಲು ಕ್ರಯಪತ್ರವನ್ನೇ ಬರೆಸಿಕೊಳ್ಳುವ ಉಪಾಯವನ್ನು ಸಾಹುಕಾರರು ಕಂಡುಹಿಡಿದರು. ಬಡ ರೈತನಿಗೆ ಸಾಲವು ಹುಟ್ಟುವುದೂ ಕಷ್ಟವಾಯಿತು. ಆದರೂ ಪತ್ರದ ಹಿಂದಿನ ಚರಿತ್ರೆಯನ್ನು ಕೇಳುವ ಅಧಿಕಾರವು ಕೋರ್ಟಿಗುಂಟೆಂಬ ಭಾವನೆಯು ನೆಲೆಗೊಂಡಿತು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕಾಯಿದೆಯು ಬೆಳಗಾವಿ, ಧಾರವಾಡ, ಬಿಜಾಪುರಗಳನ್ನೊಳಗೊಂಡ ಮುಂಬಯಿ ಪ್ರಾಂತದ ಇತರ ಜಿಲ್ಲೆಗಳಿಗೂ ಹರಡಿತು. ಮೈಸೂರು ಸಂಸ್ಥಾನದಲ್ಲಿ ೧೯೨೮ರಲ್ಲಿ ವ್ಯವಸಾಯಗಾರರ ಪರಿಹಾರಕ್ಕಾಗಿ ಪ್ರತ್ಯೇಕ ಕಾಯಿದೆಯಾಯಿತು.

೬

ಇಂದು ತಗಾದೆಯವನು ಬಾಗಿಲಲ್ಲಿ ಕುಳಿತುಕೊಳ್ಳುವುದಕ್ಕೆ ಬದಲಾಗಿ ಪತ್ರವನ್ನೋ ದೂರವಾಣಿಯ ಸಂದೇಶವನ್ನೋ ಕಳುಹಿಸುತ್ತಾನೆ. ಹೆಸರಿನ ಸಾಮ್ಯದಿಂದಲೋ, ಎಂದೋ ತೀರಿದ ಖಾತೆಯಿಂದಲೋ, ಬೇರೊಬ್ಬರ ಮೋಸದಿಂದಲೋ ಅರಿಯದ ಸಾಲವು ಒಬ್ಬನ ಮೇಲೆ ಬರುವುದುಂಟು. ತತ್ತ್ವವು ಹಿಂದಿನದೇ. ೧೮೭೨ರ ಕಾಯಿದೆಯ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ, ಉಂಟೆನ್ನುವವನೇ ರುಜುವಾತುಪಡಿಸಬೇಕು; ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕದ ನಮೂದಾದರೂ ಅದೊಂದರಿಂದಲೇ ಯಾರನ್ನೂ ಹೊಣೆಗಾರನನ್ನಾಗಿ ಮಾಡಲಾಗದು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ ದಾವೆಯಲ್ಲಿ ಹೇಳಿದುದನ್ನು ನಿರ್ದಿಷ್ಟವಾಗಿ ಅಲ್ಲಗಳೆಯದಿದ್ದರೆ ಒಪ್ಪಿಕೊಂಡಂತೆ ಎಣಿಸಬಹುದು. ೧೯೬೩ರ ಕಾಲಮಿತಿ ಕಾಯಿದೆಯಂತೆ ಸಾಲದ ಹಣಕ್ಕೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ಆ ಅವಧಿಯೊಳಗೆ ಬರೆದು ಸಹಿಹಾಕಿದ ಒಪ್ಪಿಗೆಯು ಅವಧಿಯನ್ನು ಹೊಸದಾಗಿ ಆರಂಭಿಸುತ್ತದೆ. ಸ್ಮೃತಿಕಾರರು ಬೆರಕೆಯ ಉತ್ತರವನ್ನು ಬೇಡವೆಂದುದರ ಮರ್ಮವು ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಪೀಡೆ ತೊಲಗಲೆಂದು ‘ಸ್ವಲ್ಪ ಕೊಡುತ್ತೇನೆ’ ಎಂದು ಬರೆದವನು ‘ಅರಿಯೆ’ ಎಂಬ ಮಾತಿನ ಬಲವನ್ನು ಕಳೆದುಕೊಳ್ಳುತ್ತಾನೆ. ಈ ಸಾಲವನ್ನು ನಾನು ಅರಿಯೆ, ಪತ್ರವನ್ನೂ ಮೊದಲಿನಿಂದ ಲೆಕ್ಕವನ್ನೂ ತೋರಿಸತಕ್ಕದ್ದೆಂದು ಬರವಣಿಗೆಯಲ್ಲಿ ಉತ್ತರಿಸಿ ಪ್ರತಿಯನ್ನು ಇಟ್ಟುಕೊಳ್ಳುವುದೇ ಎರಡು ಕಾಲಗಳ ಅನುಭವವೂ ಸೂಚಿಸುವ ಮಾರ್ಗ. ಬಲಾತ್ಕಾರದ ವಸೂಲಿಯ ಪ್ರಶ್ನೆಯೂ ಹಳೆಯದಾಗಿಲ್ಲವೆಂಬುದಕ್ಕೆ ಕರ್ನಾಟಕದಲ್ಲಿ ೨೦೨೫ರಲ್ಲಿ ಕಿರುಸಾಲಗಳ ವಿಷಯದಲ್ಲಿ ಮೊದಲು ಸುಗ್ರೀವಾಜ್ಞೆಯೂ ಬಳಿಕ ಕಾಯಿದೆಯೂ ಬೇಕಾದುದೇ ನಿದರ್ಶನ.

ಒಟ್ಟಿನಲ್ಲಿ, ರುಜುವಾತಿನ ಹೊಣೆಯು ಕೇಳುವವನದೆಂಬ ನಿಯಮವು ಈ ನಾಡಿಗೆ ಬಹು ಹಿಂದಿನಿಂದ ಪರಿಚಿತವಾಗಿದೆ. ಅದು ಸಫಲವಾಗುವುದು ಸಾಲಗಾರನು ಉತ್ತರಿಸಬಲ್ಲವನಾದಾಗ ಮಾತ್ರ. ಪತ್ರವನ್ನು ಓದಲು ಬಲ್ಲವನಿಗೂ ಓದಲಾರದವನಿಗೂ ಒಂದೇ ನಿಯಮವು ಒಂದೇ ಫಲವನ್ನು ಕೊಡುವುದಿಲ್ಲವೆಂಬುದು ೧೮೭೫ರ ಪಾಠ. ಈ ವಿಷಯದಲ್ಲಿ ಇನ್ನೂ ಮಾಡತಕ್ಕ ಕೆಲಸವು ಬಹಳವಿದೆ. ದಂಗೆಯ ಪ್ರದೇಶದ ಚರಿತ್ರೆಯು ಬಹುಮಟ್ಟಿಗೆ ಆಯೋಗದ ವರದಿಯಿಂದಲೇ ಬರೆಯಲ್ಪಟ್ಟಿದೆ. ಉತ್ತರ ಕರ್ನಾಟಕದ ಹಳೆಯ ಮನೆತನಗಳಲ್ಲಿ ಉಳಿದಿರಬಹುದಾದ ಸಾಲಪತ್ರಗಳನ್ನೂ ಪಾವತಿಗಳನ್ನೂ ಖಾತೆ ಪುಸ್ತಕಗಳನ್ನೂ ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಶೋಧಿಸಿ ಪ್ರತಿ ಮಾಡಿಕೊಂಡರೆ, ಪತ್ರದ ಹಿಂಬದಿಯಲ್ಲಿ ಕಂತುಗಳನ್ನು ಗುರುತು ಮಾಡುವ ವಿಧಿಯು ಎಷ್ಟರಮಟ್ಟಿಗೆ ಆಚರಣೆಯಲ್ಲಿತ್ತೆಂಬುದನ್ನು ಊಹೆಯಿಂದಲ್ಲದೆ ಆಧಾರದಿಂದ ಹೇಳುವುದು ಸಾಧ್ಯವಾದೀತು.